ಬಿ.ಜಿ. ಕೆರೆಯಲ್ಲಿ ಟೈಟಾನಿಕ್: ಒಂದು ಪ್ರಮಾಣಬದ್ಧ ಜಿಜ್ಞಾಸೆ

ಪೀಠಿಕೆ: ಸಾಗರನೌಕೆಯ ಕಿರುಮಾದರಿ ಮಾಡಿಸುವುದೆಂದರೆ ಬಡಗಿಗೆ ಅಡ್ವಾನ್ಸ್ ಕೊಟ್ಟು ಬರುವ ಕೆಲಸವೆಂದು ಪಾಮರರು ತಿಳಿದಿದ್ದಾರೆ. ವಾಸ್ತವವಾಗಿ ಅದೊಂದು ಬಹುಆಯಾಮೀ, ಅಂತರ್‌ಶಿಸ್ತೀಯ, ಜಲನಿರಪೇಕ್ಷ ಪ್ರಕ್ರಿಯೆ. ಅಧ್ಯಯನದ ವ್ಯಾಪ್ತಿ: ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು. ಅಧ್ಯಯನದ ಮಿತಿ: ಸಮುದ್ರ.

ಪ್ರಮಾಣ ಮೀಮಾಂಸೆ: ಟೈಟಾನಿಕ್‌ನ ಉದ್ದ 269 ಮೀಟರ್. 1:350ಕ್ಕೆ ಇಳಿಸಿದರೆ ಸುಮಾರು 77 ಸೆಂ.ಮೀ., ಟಿ.ವಿ. ಸ್ಟ್ಯಾಂಡಿನ ಮೇಲೆ ಕೂರುತ್ತದೆ. 1:100 ಆದರೆ 2.69 ಮೀಟರ್, ಆಗ ಮನೆಯವರು ಜಗಲಿಯಲ್ಲಿ ಮಲಗಬೇಕು. ಮಾದರಿ ಮಾಡುವವರು ಇನ್ನೊಂದನ್ನೂ ಕೇಳುತ್ತಾರೆ: ಪೂರ್ತಿ ಒಡಲು ಬೇಕೋ, ನೀರಿನ ಗೆರೆಯಿಂದ ಮೇಲಿನದಷ್ಟೇ ಸಾಕೋ? ಎರಡನೆಯ ಬಗೆಯಲ್ಲಿ ನೀರಿನಡಿ ಇರಬೇಕಾದ ತಳವೇ ಇರುವುದಿಲ್ಲ. ಹಡಗು ಚಪ್ಪಟೆ ಹಲಗೆಯ ಮೇಲೆ ಕೂತು ತೇಲಿದಂತೆ ನಟಿಸುತ್ತದೆ. ಇದನ್ನು ಪ್ರಬಂಧಕಾರನು ‘ತೇಲುವಿಕೆಯ ಆಭಾಸವಾದ’ ಎಂದು ಕರೆಯಲು ಇಚ್ಛಿಸುತ್ತಾನೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ಸೀಮೆಗೆ ಇದಕ್ಕಿಂತ ಒಪ್ಪುವ ಮಾದರಿಯಿಲ್ಲ.

ವರ್ಗೀಕರಣ: ಮಾದರಿಗಳು ಏಳು ವಿಧ. (ಅ) ತೇಲುವವು, (ಆ) ತೇಲದವು, (ಇ) ತೇಲುತ್ತವೆಂದು ಟೆಂಡರಿನಲ್ಲಿ ಬರೆದವು... ಉಳಿದ ನಾಲ್ಕನ್ನು ಯಾರಾದರೂ ಪಿಎಚ್.ಡಿ.ಗೆ ಇಟ್ಟುಕೊಳ್ಳಲಿ.

(ಇ)ಯನ್ನು ಕಣ್ಣಾರೆ ಕಂಡಿದ್ದೇನೆ. ‘ಜಲಸಂಪನ್ಮೂಲದ ಸುಸ್ಥಿರ ಪರಿಪ್ರೇಕ್ಷ್ಯ’ ಎಂಬ ಸಂಕಿರಣದ ಮೇಜಿನ ಮೇಲೆ ಥರ್ಮಾಕೋಲಿನ ಕೆರೆ: ಸ್ಪಂಜಿನ ಮರಗಳು, ತುಂಬಿ ತುಳುಕುವ ನೀಲಿ ಬಣ್ಣ, ಪಕ್ಕದಲ್ಲಿ ಅತಿಥಿಗಳಿಗೆ ಬಾಟಲಿ ನೀರು. ಭಾಷಣಕಾರರು ‘ಪರಿಪ್ರೇಕ್ಷ್ಯ’ ಎಂದಾಗಲೆಲ್ಲ ಹಿಂದಿನ ಸಾಲಿನ ಕುರಿಗಾಹಿಯೊಬ್ಬರು ಆಕಳಿಸುತ್ತಿದ್ದರು. ಅವರೊಬ್ಬರೇ ಸರಿಯಾಗಿ ಪ್ರತಿಕ್ರಿಯಿಸಿದ್ದು.

ಈ ಸೀಮೆಗೆ ನಿಜವಾದ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯನ್ನು ಕಾಲುವೆಗೆ ಬಿಟ್ಟರೆ ಎಷ್ಟು ದೂರ ಹರಿಯುತ್ತದೆ ಸ್ವಾಮಿ? ಶೇಂಗಾ ಬಿತ್ತಿದವನು ಮುಗಿಲು ನೋಡಿ ನೋಡಿ, ಕೊನೆಗೆ ಬಡ್ಡಿಗೆ ದುಡ್ಡು ತಂದು ಬೋರ್ ಕೊರೆಸುತ್ತಾನೆ. ರಾತ್ರಿಯೆಲ್ಲ ಲಾರಿ ಗುಡುಗುತ್ತದೆ, ಹೆಂಡತಿ ಮಕ್ಕಳು ಬದುವಿನ ಮೇಲೆ ಕೂತಿರುತ್ತಾರೆ, ಬೆಳಗಿನ ಜಾವಕ್ಕೆ ಬರುವುದು ಬಿಳಿ ಧೂಳು. ಆ ಧೂಳಿಗೆ ಯಾವ ಪರಿಪ್ರೇಕ್ಷ್ಯವೂ ಇಲ್ಲ. ಅದರ ಪ್ರಮಾಣ 1:1.

ಉಳಿದದ್ದು ಚಿಮಣಿ ವಿಚಾರ. ಟೈಟಾನಿಕ್‌ಗೆ ನಾಲ್ಕಿದ್ದವು. ಬಾಯ್ಲರುಗಳ ಹೊಗೆ ಹೋಗುತ್ತಿದ್ದದ್ದು ಮೂರರಲ್ಲಿ; ನಾಲ್ಕನೆಯದು ಗಾಳಿಯಾಡಲಿಕ್ಕೆ, ಜೊತೆಗೆ ಗತ್ತಿಗೆ. ಅದೊಂದನ್ನು ಮಾತ್ರ ಅಸಲು ಅಳತೆಯಲ್ಲೇ ಮಾಡಿಸಿ, ಮುಂದಿನ ಸಂಕಿರಣದ ಅಧ್ಯಕ್ಷರ ಕುರ್ಚಿಯ ಹಿಂದೆ ನಿಲ್ಲಿಸಬೇಕೆಂಬುದು ಈ ಪ್ರಬಂಧದ ಶಿಫಾರಸು. ಸಭಾಂಗಣದ ಚಾವಣಿ ತೆಗೆಸಬೇಕಾಗುತ್ತದೆ. ಅದಕ್ಕೆ ಬೇರೆ ಟೆಂಡರ್.