ಸೊರಗತ್ತೆ

ಪ್ರತಿ ಮನೆತನಕ್ಕೂ ಇಂಥ ಒಬ್ಬ ಅತ್ತೆ ಇದ್ದೇ ಇರುತ್ತಾರೆ. ಗೇಟಿನ ಅಗುಳಿ ತೆಗೆಯುವ ಮೊದಲೇ "ಅಯ್ಯೋ, ಎಷ್ಟು ಸೊರಗಿಬಿಟ್ಟಿದ್ದೀಯೋ!" ಎಂದು ಬೀದಿಗೆಲ್ಲ ಕೇಳುವಂತೆ ಮರುಗುವವರು. ನಮ್ಮ ಅತ್ತೆಯ ನಿಜವಾದ ಹೆಸರು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ನಮಗೆಲ್ಲ ಅವರು ಸೊರಗತ್ತೆ. ಸೊರಗು, ಅತ್ತೆ, ಲೋಪಸಂಧಿ. ಅವರ ಕಣ್ಣಿಗೆ ಬಿದ್ದದ್ದೆಲ್ಲ 'ಸೊರಗತ್ತೆ' ಎಂಬ ಎರಡನೇ ಅರ್ಥ ನನ್ನ ತಂಗಿಯ ಸಂಶೋಧನೆ.

ಸೊರಗತ್ತೆಯ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ: ಸೊರಗಿದವರು, ತುಂಬಾ ಸೊರಗಿದವರು. ಅಮೆರಿಕದಿಂದ ಹೊಟ್ಟೆ ಹೊತ್ತು ಬಂದ ನನ್ನ ದೊಡ್ಡಪ್ಪನ ಮಗ ವಿಮಾನದ ಸೀಟಿನ ಬೆಲ್ಟಿಗೆ ತುಂಡು ಸೇರಿಸಿಕೊಂಡು ಬಂದವನು. ಅವನ ಕೆನ್ನೆ ಸವರಿ, "ಅಲ್ಲಿ ಹೊಟ್ಟೆಗೆ ಏನು ಹಾಕುತ್ತಾರೋ ಪಾಪ" ಎಂದರು. ತುಳಸಿ ಸೊರಗಿದೆ, ಹಾಲಿನವನು ಸೊರಗಿದ್ದಾನೆ, ಬೆಳಗಿನ ಪೇಪರ್ ಕೂಡ ಮೊದಲಿನ ಹಾಗಿಲ್ಲ, ಸೊರಗಿದೆ.

ಇಂಥವರ ಎದುರಿಗೆ ನಮ್ಮ ಬೆಕ್ಕು ಸುಬ್ಬಿ ಮೈ ಮುರಿಯುತ್ತಾ ಬಂದು ನಿಂತಿತು.

ಸುಬ್ಬಿ ಬೀದಿ ಕುಲದ ಹೆಣ್ಣು. ಉದ್ದ ಕಾಲು, ಚೂಪು ಮುಖ, ಸಪೂರ ಸೊಂಟ. ಅತ್ತೆ ಕನ್ನಡಕ ಏರಿಸಿದರು. ನನ್ನ ಕಡೆಗೊಮ್ಮೆ ನೋಡಿದರು, ಬೆಕ್ಕಿನ ಕಡೆಗೊಮ್ಮೆ ನೋಡಿದರು. "ತೆನಾಲಿ ರಾಮನ ಬೆಕ್ಕು" ಎಂದರು.

ಆರೋಪ ಸಣ್ಣದಲ್ಲ. ಕತೆ ಎಲ್ಲರಿಗೂ ಗೊತ್ತು. ಇಲಿ ಕಾಟಕ್ಕೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟ, ಅದರ ಹಾಲಿಗೊಂದು ಹಸು ಕೊಟ್ಟ. ರಾಮ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಆಮೇಲೆ ಅದು ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು; ಹಾಲೆಲ್ಲ ರಾಮನ ಮನೆಯವರಿಗೆ. ಅಂದರೆ ಅತ್ತೆಯ ಪ್ರಕಾರ ಬೆಕ್ಕಿನ ಪಾಲು ಸೇರಿದ್ದು ನನ್ನ ಹೊಟ್ಟೆಗೆ. ನನ್ನನ್ನು ಅವರು ಸೊರಗಿಲ್ಲ ಎಂದು ಒಪ್ಪಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ.

ನಾನು ಸಾಕ್ಷ್ಯಕ್ಕೆ ತೂಕದ ಯಂತ್ರ ತಂದೆ. ಬೆಕ್ಕು ತಾನಾಗಿ ಅದರ ಮೇಲೆ ನಿಲ್ಲುವ ಪೈಕಿಯಲ್ಲ. ಆದ್ದರಿಂದ ಅದನ್ನು ಎತ್ತಿಕೊಂಡು ನಿಂತೆ: 71.6. ಇಳಿಸಿ ನಿಂತೆ: 68.2. "ನೋಡಿ ಅತ್ತೆ, 3.4 ಕಿಲೋ. ಇಂಥ ಬೆಕ್ಕಿಗೆ ಸರಿಯಾಗಿದೆ." ಅತ್ತೆ ಲೆಕ್ಕ ಒಪ್ಪಲಿಲ್ಲ. "ಎರಡನೇ ಸಲ ಉಸಿರು ಬಿಟ್ಟು ನಿಂತೆ, ನಾನು ನೋಡಲಿಲ್ಲವೇ?"

ಕೊನೆಗೆ ಪಶುವೈದ್ಯರ ಹತ್ತಿರ ಹೊರಟೆವು. ಬುಟ್ಟಿಯಲ್ಲಿ ಸುಬ್ಬಿ, ಮಡಿಲಲ್ಲಿ ಬುಟ್ಟಿ. ದಾರಿಯುದ್ದಕ್ಕೂ ಆಟೋದವನಿಗೆ ಅದರ ಕಷ್ಟಕಾರ್ಪಣ್ಯದ ವರದಿ. ಇಳಿಯುವಾಗ ಅವನಿಗೂ "ನೀನೂ ಸೊರಗಿದ್ದೀಯಪ್ಪ" ಎಂದರು. ಚಿಲ್ಲರೆ ಇಲ್ಲ ಎನ್ನುತ್ತಿದ್ದವನು ಜೇಬೆಲ್ಲ ತಡಕಿ ಹತ್ತು ರೂಪಾಯಿ ಹುಡುಕಿಕೊಟ್ಟ.

ವೈದ್ಯರು ಯಂತ್ರಕ್ಕಿಂತ ಬೆರಳನ್ನು ನಂಬುವವರು. "ಕಿಲೋ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಸಯಾಮಿ ಬೆಕ್ಕು ಸಣ್ಣಗಿರುವುದೇ ಅದರ ಲಕ್ಷಣ, ಮೇನ್ ಕೂನ್ ತಳಿಯದು ಇದರ ಎರಡರಷ್ಟು ತೂಗಬಹುದು. ಪಕ್ಕೆಲುಬು ಮುಟ್ಟಿ ನೋಡಬೇಕು" ಎಂದರು. ಅತ್ತೆಯ ಕೈಯನ್ನೇ ಪಾಠಕ್ಕೆ ತೆಗೆದುಕೊಂಡರು. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿದಂತೆ ಪಕ್ಕೆ ಸಿಕ್ಕರೆ ಬಡಕಲು. ಅಂಗೈಯ ಮೆತ್ತೆ ಒತ್ತಿ ಹುಡುಕುವಂತಿದ್ದರೆ ಬೊಜ್ಜು. ಬೆರಳು ಚಾಚಿ ಅಂಗೈಯ ಹಿಂಬದಿ ಸವರಿದಂತೆ, ಎಲುಬು ಕಣ್ಣಿಗೆ ಹೊಡೆಯದೆ ಕೈಗೆ ಸುಲಭವಾಗಿ ಸಿಕ್ಕರೆ ಸರಿ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಅತ್ತೆ ಮುಷ್ಟಿ ಕಟ್ಟಿದರು. ಗೆಣ್ಣು ಇರಬೇಕಾದ ಕಡೆ ನಾಲ್ಕು ಗುಳಿ ಬಿದ್ದಿದ್ದವು. ವೈದ್ಯರು ಗಂಟಲು ಸರಿಮಾಡಿಕೊಂಡು, "ಇದಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕ ಇದೆ. ನಿಮ್ಮದಕ್ಕೆ ನಾಲ್ಕು" ಎಂದರು.

"ಒಂಬತ್ತಕ್ಕೆ ನಾಲ್ಕೇ!" ಅತ್ತೆಯ ಕಣ್ಣಲ್ಲಿ ನೀರು. "ಪಾಸಾಗುವುದಕ್ಕೂ ಗ್ರೇಸ್ ಮಾರ್ಕ್ ಬೇಕಲ್ಲೋ!"

ಐದು ಅಂದರೆ ಅಚ್ಚುಕಟ್ಟು, ನಾಲ್ಕಕ್ಕೆ ಗಾಬರಿ ಬೇಡ, ಒಂಬತ್ತು ಬಂದರೆ ಬೊಜ್ಜಿನ ತುತ್ತತುದಿ ಎಂದು ವೈದ್ಯರು ವಿವರಿಸಿದರು. ಪೂರ್ತಿ ಅಂಕ ತೆಗೆದವರನ್ನು ಫೇಲು ಮಾಡುವ ಪರೀಕ್ಷೆಯನ್ನು ಅತ್ತೆ ತಮ್ಮ ಮೂವತ್ತು ವರ್ಷದ ಮೇಷ್ಟರಗಿರಿಯಲ್ಲಿ ಕಂಡಿರಲಿಲ್ಲ. ವಾದ ಬದಲಿಸಿದರು: "ಮೈ ಸೊರಗಿ ಹೊಟ್ಟೆ ಮಾತ್ರ ಜೋತಿದೆಯಲ್ಲ, ಹುಳ ಇರಬೇಕು." ಹಿಂಗಾಲ ಮುಂದೆ ಜೋಲಾಡುವ ಆ ಚರ್ಮದ ಚೀಲ ಬೆಕ್ಕಿನ ಕುಲಕ್ಕೇ ಬಂದ ಆಸ್ತಿಯಂತೆ. ಹುಳಕ್ಕೆ ಹೇಗೂ ಔಷಧಿ ಹಾಕಿದ್ದಾಗಿದೆ. "ಹಾಗಾದರೆ ಹಾಲು?" ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ ಎಂದರು. ನನಗೆ ಹೊಳೆಯಿತು: ಹಾಗಾದರೆ ಇಡೀ ವಿಜಯನಗರದಲ್ಲಿ ಹೊಟ್ಟೆ ನೆಟ್ಟಗಿದ್ದ ಬೆಕ್ಕು ತೆನಾಲಿ ರಾಮನದೊಂದೇ! "ಮೊಸರನ್ನ?" ಬೆಕ್ಕಿಗೆ ಟಾರಿನ್ ಎಂಬ ಸತ್ವ ಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ, ಬರೀ ಮೊಸರನ್ನ ತಿಂದರೆ ಕಣ್ಣು, ಹೃದಯ ಕೆಡುತ್ತವೆ. ಅತ್ತೆ ಕಿವಿ ಮುಚ್ಚಿಕೊಂಡರು, ಬೆರಳ ಸಂದಿಯಲ್ಲಿ ಕೇಳಿಸಿಕೊಂಡರು.

"ಸಣ್ಣಗಿರುವ ಬೆಕ್ಕಿಗೆ ಹೆದರಬೇಡಿ, ಸಣ್ಣಗಾಗುತ್ತಿರುವ ಬೆಕ್ಕಿಗೆ ಹೆದರಿ" ಎಂದರು ವೈದ್ಯರು. 3.4 ಕಿಲೋ ಬೆಕ್ಕು ಮುನ್ನೂರು ಗ್ರಾಂ ಇಳಿದರೆ, ಅರವತ್ತು ಕಿಲೋ ಮನುಷ್ಯ ಐದು ಕಿಲೋ ಇಳಿದದ್ದಕ್ಕಿಂತ ಹೆಚ್ಚು. ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ ಥೈರಾಯ್ಡೋ ಸಕ್ಕರೆ ಕಾಯಿಲೆಯೋ ಇರಬಹುದು. ಇಡೀ ದಿನ ಏನೂ ಮುಟ್ಟದಿದ್ದರೆ ಕಾಯದೆ ಕರೆತರಬೇಕು. ತಿಂಗಳಿಗೊಮ್ಮೆ ಅದೇ ಯಂತ್ರದಲ್ಲಿ ತೂಗಿ ಬರೆದಿಡಿ.

ಆ ಕೊನೆಯ ಮಾತು ಅತ್ತೆಗೆ ಹಿಡಿಸಿತು. ಅಂದಿನಿಂದ ತಿಂಗಳ ಮೊದಲ ಭಾನುವಾರ ಮನೆಗೆ ಬಂದು ಪಂಚಾಂಗದ ಅಂಚಿನಲ್ಲಿ ಸುಬ್ಬಿಯ ತೂಕ ಬರೆಯುತ್ತಾರೆ: 3.4, 3.4, 3.5. ಪ್ರತಿ ಅಂಕಿಯ ಮುಂದೆ ಷರಾ: "ಸೊರಗಿದೆ".

ಹೋದ ಭಾನುವಾರ ಒಬ್ಬಟ್ಟು ಮಾಡಿದ್ದೆವು. ಅತ್ತೆ ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಎಷ್ಟೋ ವರ್ಷದ ಸೇಡು ತೀರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ನಾನೇ ಅಂದೆ: "ಅತ್ತೆ, ಯಾಕೋ ತುಂಬಾ ಸೊರಗಿದ್ದೀರಿ."

ಅವರ ಕೈ ತಟ್ಟೆಯಲ್ಲೇ ನಿಂತಿತು. ಮುಖ ಅರಳಿತು. "ನಿನ್ನೊಬ್ಬನ ಕಣ್ಣಿಗಾದರೂ ಬಿತ್ತಲ್ಲಪ್ಪ" ಎಂದು ಸೆರಗಿನಲ್ಲಿ ಕಣ್ಣೊರೆಸಿ, ಐದನೆಯದಕ್ಕೆ ತಟ್ಟೆ ಮುಂದೆ ಮಾಡಿದರು.

ಊಟವಾದ ಮೇಲೆ ಸೋಫಾದಲ್ಲಿ ಒರಗಿದವರ ಮಡಿಲಿಗೆ ಸುಬ್ಬಿ ಹತ್ತಿತು. ಮುಂಗಾಲೆರಡರಿಂದ ಅತ್ತೆಯ ಪಕ್ಕೆಯನ್ನು ಒತ್ತಿತು, ಹುಡುಕಿತು, ಇನ್ನೊಂದಿಷ್ಟು ಕೆಳಗೆ ಒತ್ತಿತು. ತುಂಬಾ ಹೊತ್ತು ಹುಡುಕಿದರೂ ಎಲುಬು ಸಿಕ್ಕಂತೆ ಕಾಣಲಿಲ್ಲ. ಎರಡು ಸುತ್ತು ಹಾಕಿ ಅಲ್ಲೇ ಮುದುಡಿ ಮಲಗಿ ಗುರುಗುಟ್ಟಿತು. ಒಂಬತ್ತಕ್ಕೆ ಒಂಬತ್ತು ಕೊಟ್ಟಿರಬೇಕು.