ರಾಕ್ಷಸನಿಗೆ ಚಂಡೆ, ರಾಜಕುಮಾರಿಗೆ ದ್ರುತ್

ಮಾಯಾಲೋಕದ ಕಥೆ ಬರೆಯುವವರಿಗೆ ಪೆನ್ನಿಗಿಂತ ಹಾಡು ಮುಖ್ಯ. 1977ರಲ್ಲಿ ಅಚ್ಚಾದ ಟೋಲ್ಕಿನ್‌ನ ‘ಸಿಲ್ಮರಿಲಿಯನ್’ನಲ್ಲಿ ಜಗತ್ತು ಹುಟ್ಟುವುದೇ ಸಂಗೀತದಿಂದ. ರಾಜಕುಮಾರನ ಒಂದು ಹೋಳು ಹಾವಾಗುವ ‘ಸಿರಿಸಂಪಿಗೆ’ ಬರೆದ ನಮ್ಮ ಕಂಬಾರರಂತೂ ಸ್ವತಃ ಗಂಟಲು ಬಿಟ್ಟು ಹಾಡುವವರು.

ನನಗೆ ಆ ಗಂಟಲಿಲ್ಲ, ಮೊಬೈಲಿದೆ. ಯಕ್ಷಗಾನದ ಚಂಡೆ ಹಾಕಿದರೆ ಸಾಕು, ನಮ್ಮ ಹೆಗ್ಗದ್ದೆಯ ಕಾಫಿ ತೋಟದೊಳಗಿಂದ ರಾಕ್ಷಸ ಎದ್ದೇ ಬಿಡ್ತಾನೆ. ಅವನ ವಿಳಾಸ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ್ದು, ರಾಕ್ಷಸನಿಗೆ ಇದಕ್ಕಿಂತ ಒಳ್ಳೇ ಮನೆ ಬೇಕೆ? ಭೀಮಸೇನ ಜೋಶಿ ಹಾಕಿದರೆ ರೆಕ್ಕೆಯ ಕುದುರೆ ಶಿರಾಡಿ ಘಾಟಿ ಇಳಿಯುತ್ತದೆ, ಲಾರಿಗಳ ಹಿಂದೆ, ಫಸ್ಟ್ ಗೇರಿನಲ್ಲಿ.

ಮಲ್ಹಾರ್ ಮಾತ್ರ ಹಾಕುವುದಿಲ್ಲ. ಆಷಾಢದಲ್ಲಿ ಇಲ್ಲಿ ಮಳೆ ಕರೆಯುವುದೆಂದರೆ ತುಂಬಿದ ಹೊಳೆಗೆ ನೀರು ಹೊತ್ತ ಹಾಗೆ.

ತಾಪತ್ರಯ ಬೇರೆಯೇ. ಕರೆಂಟು ಹೋದರೆ ಟವರೂ ಮಲಗುತ್ತದೆ. ಮೊನ್ನೆ ದ್ರುತ್ ಶುರುವಾಗುತ್ತಲೇ ಹಾಡು ನಿಂತು, ರಾಜಕುಮಾರಿ ಕೋಟೆ ಗೋಡೆಯಲ್ಲಿ ಅರ್ಧಕ್ಕೇ ನೇತಾಡಿದಳು. ರಾತ್ರಿಯಿಡೀ.

ಕಥೆ ಕೇಳುತ್ತಿದ್ದ ಅಜ್ಜಿ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಾ ಗದರಿದರು: “ಆ ಹುಡುಗೀನ ಮೊದ್ಲು ಕೆಳಗಿಳ್ಸೋ ಮಾರಾಯ! ಹಾಡು ನಾನೇ ಹೇಳ್ತೀನಿ.”

ಅಜ್ಜಿಗೆ ಬರುವುದು ಸೋಬಾನೆ ಪದ ಮಾತ್ರ. ರಾಕ್ಷಸನಿಗೂ ರಾಜಕುಮಾರಿಗೂ ಮದುವೆಯಾಗಿಹೋಯಿತು.