ಊಟಕ್ಕುಂಟು, ಲೆಕ್ಕಕ್ಕಿಲ್ಲ

ಧಾರವಾಡದ ಪದವಿ ವಿದ್ಯಾರ್ಥಿನಿಲಯಗಳಿಗೆ ಬರುವವರನ್ನು ಸೀಟು ಸಿಕ್ಕವರು, ಸಿಗದವರು ಎಂದು ಎರಡಾಗಿ ವಿಂಗಡಿಸುವುದು ಕಚೇರಿಯ ರೂಢಿಯಾದರೂ, ಸೀಟಿನ ಅವಧಿ ಮುಗಿದ ಮೇಲೂ ಹೋಗದವರೆಂಬ ಮೂರನೆಯ ವರ್ಗವನ್ನು ಬಿಟ್ಟರೆ ಆ ಕಟ್ಟಡಗಳ ಸಮಾಜಶಾಸ್ತ್ರ ಪೂರ್ಣವಾಗುವುದಿಲ್ಲ. ಎದುರಿಗೆ 'ಅಣ್ಣಾರು' ಎಂದೂ ಬೆನ್ನ ಹಿಂದೆ 'ಪ್ಯಾರಾಸೈಟ್' ಎಂದೂ ಕರೆಸಿಕೊಳ್ಳುವ ಈತ, ಪದವಿ ಮುಗಿಸಿ ನಾಲ್ಕಾರು ವರ್ಷಗಳಾದರೂ ಕಿರಿಯನೊಬ್ಬನ ಕೋಣೆಯಲ್ಲಿ, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದೆ, ಆದರೆ ವಾಚ್‌ಮನ್ನನ ಮೊದಲ ನಮಸ್ಕಾರಕ್ಕೆ ಪಾತ್ರನಾಗಿ ವಾಸಿಸುತ್ತಾನೆ. ಈತನ ವಂಶಾವಳಿಯನ್ನು ವಾರಾನ್ನದವರೆಗೆ, ಅಂದರೆ ಬಡ ವಿದ್ಯಾರ್ಥಿ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ಹಳೆಯ ಪದ್ಧತಿಯವರೆಗೆ, ಒಯ್ಯಬಯಸುವವರಿಗೆ ತೊಡಕು ಒಂದೇ: ವಾರಾನ್ನದ ಹುಡುಗನಿಗೆ ಸಂಕೋಚವಿತ್ತು.

ಈತನ ಪ್ರತಿಭೆ ಬೆಳಗುವುದು ಗಣಿತದಲ್ಲಿ. ತಿಂಗಳ ಜೋಳ, ಎಣ್ಣೆ, ಕಾಯಿಪಲ್ಲೆ, ಗ್ಯಾಸು ಮೊದಲಾದವುಗಳ ಒಟ್ಟು ಖರ್ಚನ್ನು ಮೆಸ್ಸಿನ ಸದಸ್ಯರ ಸಂಖ್ಯೆಯಿಂದ ಭಾಗಿಸಿ ತಲಾ ಬಿಲ್ಲು ನಿರ್ಧರಿಸುವ ಕ್ರಮಕ್ಕೆ ಡಿವೈಡಿಂಗ್ ಪದ್ಧತಿ ಎಂದು ಹೆಸರು. ಈತ ತಿಂದ ರೊಟ್ಟಿ ಭಾಜ್ಯದಲ್ಲಿ ಸೇರುತ್ತದೆ, ಈತ ಮಾತ್ರ ಭಾಜಕದಲ್ಲಿ ಸೇರುವುದಿಲ್ಲ. ಬಿಲ್ಲು ಏಕೆ ಏರಿತೆಂದು ಮೆಸ್ ಸೆಕ್ರೆಟರಿಯಾದ ಬಿ.ಕಾಂ. ಹುಡುಗ ತಲೆ ಕೆಡಿಸಿಕೊಂಡಾಗ, ಎಣ್ಣೆಗಾಯಿಗೆ ಎಣ್ಣೆ ಮಿತಿಮೀರಿದೆಯೆಂದು ಎರಡನೆಯ ಬಾರಿ ಬಡಿಸಿಕೊಳ್ಳುತ್ತಲೇ ತನಿಖೆಗೆ ದಿಕ್ಕು ತೋರಿಸುವವನೂ ಈತನೇ.

ಹಾಗೆಂದು ಈತನನ್ನು ಸೋಮಾರಿಯೆನ್ನುವುದು ಅನ್ಯಾಯ. ಸಪ್ತಾಪುರ ಬಡಾವಣೆಯ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ತರಗತಿಗಳ ಟಿಪ್ಪಣಿಗಳನ್ನು ಈತ ತಲೆದಿಂಬಿನ ಎತ್ತರಕ್ಕೆ ಬರೆದಿಟ್ಟಿರುತ್ತಾನೆ, ಕೆಲವೊಮ್ಮೆ ಅವನ್ನು ಆ ಕೆಲಸಕ್ಕೂ ಬಳಸುತ್ತಾನೆ. ಓದಿದವನಿಗೆ ಪರೀಕ್ಷೆಯೇ ಕೈಕೊಟ್ಟರೆ ಮಾಡುವುದೇನು? 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಪಟ್ಟಿಯನ್ನು ಸರ್ಕಾರ 2014ರಲ್ಲಿ ಹಿಂಪಡೆಯಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ 2022ರಲ್ಲಿ ರದ್ದಾಯಿತು. ರಾಜ್ಯದ ದೃಷ್ಟಿಯಲ್ಲಿ ಇವು ಹಗರಣಗಳು. ಹಾಸ್ಟೆಲಿನ ದೃಷ್ಟಿಯಲ್ಲಿ ವಾಸ್ತವ್ಯವನ್ನು ವಿಸ್ತರಿಸಿದ ಸರ್ಕಾರಿ ಆದೇಶಗಳು. ಊರಿನಿಂದ ತಂದೆ ಫೋನು ಮಾಡಿದಾಗ ಹೇಳಲು ಒಂದು ವಾಕ್ಯ ಸದಾ ಸಿದ್ಧವಿರುತ್ತದೆ: "ನೋಟಿಫಿಕೇಶನ್ ಆಗೇತಿ ಅಪ್ಪಾ, ಡೇಟ್ ಬರಬೇಕಷ್ಟ."

ಅನಧಿಕೃತರನ್ನು ಹಿಡಿಯಲು ವಾರ್ಡನ್ ರಾತ್ರಿ ನಡೆಸುವ ಹಠಾತ್ ತಪಾಸಣೆಗೆ 'ರೇಡ್' ಎನ್ನುತ್ತಾರೆ. ಆಗ ಟೆರೇಸಿಗೆ ಓಡುವುದು, ಕಕ್ಕಸಿನಲ್ಲಿ ಅಡಗುವುದು ಹೊಸಬರ ಕೆಲಸ. ಪಳಗಿದವನು ವಾರ್ಡನ್ನರಿಗೆ ಎದುರಾಗಿ ನಿಂತು, ಮುರಿದ ನಲ್ಲಿಯ ಬಗ್ಗೆ ದೂರು ಕೊಡುತ್ತಾನೆ. ಹೊಸದಾಗಿ ಬಂದ ವಾರ್ಡನ್ನರಂತೂ ಈತನ ಗಾಂಭೀರ್ಯಕ್ಕೂ ನೆರೆಯುತ್ತಿರುವ ಕೂದಲಿಗೂ ಮಾರುಹೋಗಿ, ವಿದ್ಯಾರ್ಥಿ ಪ್ರತಿನಿಧಿಯೆಂದೇ ಭಾವಿಸಿ, ಟಾರ್ಚನ್ನು ಕೈಗಿತ್ತು ಮುಂದೆ ನಡೆಸುತ್ತಾರೆ. ಈತ ಕೋಣೆ ಕೋಣೆಯ ಬಾಗಿಲು ತಟ್ಟಿ ಗುರುತಿನ ಚೀಟಿ ಕೇಳುತ್ತಾನೆ.

ಈ ನಡುವೆ, ಆಶ್ರಯವಿತ್ತ ಕಿರಿಯನೂ ಪದವಿ ಮುಗಿಸಿ, ಕೋಣೆ ಬಿಡದೆ, ಪಕ್ಕದ ಮಂಚದ ಮೇಲೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಯ ಪುಸ್ತಕ ಹಿಡಿದು ಕುಳಿತಿರುತ್ತಾನೆ. ಆ ಕೋಣೆ ಯಾರ ಹೆಸರಿಗೆ ಹಂಚಿಕೆಯಾಗಿದೆಯೋ ಆ ಬಿ.ಎ. ಮೊದಲ ವರ್ಷದ ಹುಡುಗ, ಶುಲ್ಕದ ರಸೀದಿ ಒಂದು ಕೈಯಲ್ಲಿ, ಟ್ರಂಕು ಇನ್ನೊಂದು ಕೈಯಲ್ಲಿ ಹಿಡಿದು ಹೊಸ್ತಿಲಾಚೆಯೇ ನಿಂತು ಕೇಳುತ್ತಾನೆ: "ಅಣ್ಣಾರ, ನಾ ಹಾಸಿಗಿ ಎಲ್ಲಿ ಹಾಸ್ಲಿರಿ?"